165 ಅಶ್ವಶಕ್ತಿಯ ಕಾರ್ವೆಟ್

ಅಮೆರಿಕದ ಸ್ಪೋರ್ಟ್ಸ್ ಕಾರು ಕಾರ್ವೆಟ್. ಅದರ 1975ರ ಮಾದರಿ ಎಂದರೆ ಹಳೆಯ ಕಾರುಗಳ ಹುಚ್ಚಿರುವವರು ಮೂಗು ಮುರಿಯುತ್ತಾರೆ. 5.7 ಲೀಟರಿನ ದೊಡ್ಡ ವಿ8 ಎಂಜಿನ್, ಸಾಮಾನ್ಯ ಮಾದರಿಯಲ್ಲಿ ಬರೀ 165 ಅಶ್ವಶಕ್ತಿ. ಐದೇ ವರ್ಷಗಳ ಹಿಂದೆ ಅಷ್ಟೇ ಗಾತ್ರದ ಎಂಜಿನ್‌ನ ಬಲಿಷ್ಠ ಮಾದರಿಗೆ 370 ಎಂದು ಬರೆಯುತ್ತಿದ್ದರು. 1972ರಲ್ಲಿ ಅಳೆಯುವ ಕ್ರಮವೇ ಬದಲಾಗಿ ಅಂಕಿ ಇಳಿಯಿತು ಎಂಬುದನ್ನು ಅಣಕಿಸುವವರು ಹೇಳುವುದಿಲ್ಲ. ಮೇಲೆ ಹೊಗೆಯ ಕಾನೂನು, ಸೀಸವಿಲ್ಲದ ಪೆಟ್ರೋಲು, 1975ರಲ್ಲೇ ಬಂದ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್. ಹೆದ್ದಾರಿಯಲ್ಲಿ ಗಂಟೆಗೆ 55 ಮೈಲಿಯ ಮಿತಿ ಬೇರೆ. ಅಂಥ ಕಾಲದಲ್ಲಿ 370 ಇದ್ದು ಮಾಡುವುದೇನಿತ್ತು?

ಯಾರಿಗೂ ಬೇಡವಾದದ್ದರಿಂದಲೇ ಅದು ನನ್ನ ಕೈಗೆಟುಕಿತು. ಮಿಷಿಗನ್‌ನಲ್ಲಿ ಹನ್ನೆರಡು ವರ್ಷ ಇಟ್ಟುಕೊಂಡಿದ್ದೆ. ಮೊದಲ 300 ಕಾರ್ವೆಟ್‌ಗಳು 1953ರಲ್ಲಿ ತಯಾರಾದ ಫ್ಲಿಂಟ್ ನಮ್ಮ ಮನೆಯಿಂದ ಒಂದು ಗಂಟೆಯ ದಾರಿ. ಫೈಬರ್‌ಗ್ಲಾಸ್ ಮೈಗೆ ತುಕ್ಕಿನ ಭಯವಿಲ್ಲ, ಆದರೆ ಅಡಿಯ ಚೌಕಟ್ಟು ಉಕ್ಕಿನದು. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಅದನ್ನು ಬಿಡುವುದಿಲ್ಲ. ಹಾಗಾಗಿ ನವೆಂಬರ್ ಬಂತೆಂದರೆ ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ಚಾತುರ್ಮಾಸ್ಯಕ್ಕೆ ಕೂರುತ್ತಿತ್ತು. ನಮ್ಮದು ಐದು ತಿಂಗಳ ಚಾತುರ್ಮಾಸ್ಯ.

ಅದರ ಹೆಡ್‌ಲೈಟುಗಳು ಬಾನೆಟ್ಟಿನೊಳಗೆ ಅಡಗಿರುತ್ತವೆ. ಸ್ವಿಚ್ ಎಳೆದರೆ ಎಂಜಿನ್ನಿನ ನಿರ್ವಾತದ ಬಲದಿಂದ ಮೇಲೇಳುತ್ತವೆ. ರಬ್ಬರ್ ಕೊಳವೆಗಳಿಗೆ ವಯಸ್ಸಾಗಿತ್ತು. ಬಲಗಣ್ಣು ತಟ್ಟನೆ ತೆರೆದರೆ ಎಡಗಣ್ಣು ಬೆಳಗ್ಗೆ ಶಾಲೆಗೆ ಎಬ್ಬಿಸಿದ ಮಗುವಿನ ಹಾಗೆ ಅರ್ಧಕ್ಕೆ ನಿಂತು ಯೋಚಿಸುತ್ತಿತ್ತು. ಹೊಸ ಕೊಳವೆ ಹಾಕಿಸಬಹುದಿತ್ತು. ಮನಸ್ಸು ಬರಲಿಲ್ಲ.

ಅಮ್ಮ ಹಾಸನದಿಂದ ಬಂದಿದ್ದಾಗ ಅದರಲ್ಲಿ ದಿನಸಿಗೆ ಕರೆದುಕೊಂಡು ಹೋದೆ. ಸೀಟು ನೆಲಕ್ಕೆ ಅಂಟಿದಂತಿದೆ. ಸೀರೆ ಒಟ್ಟುಮಾಡಿಕೊಂಡು ಹೇಗೋ ಇಳಿದು ಕೂತರು. ಅಕ್ಕಿ ಮೂಟೆ ಬಂದಾಗ ಎದ್ದಿತು ಪ್ರಶ್ನೆ:

"ಇದಕ್ಕೆ ಡಿಕ್ಕಿ ಎಲ್ಲಿದೆಯೋ?"

"ಜಾಗ ಇದೆಯಮ್ಮ, ಬಾಗಿಲಿಲ್ಲ. ಸೀಟಿನ ಹಿಂದಿನಿಂದ ತುರುಕಬೇಕು."

"ಇಷ್ಟುದ್ದ ಬಾಲ ಇಟ್ಟವರಿಗೆ ಒಂದು ಬಾಗಿಲು ಇಡುವುದಕ್ಕಾಗಲಿಲ್ಲವೇ?"

ನನ್ನಲ್ಲಿ ಉತ್ತರವಿರಲಿಲ್ಲ. ತುರುಕುವಾಗ ಮೂಟೆಯ ಮೂಲೆ ಹರಿದು ಅಕ್ಕಿ ಚೆಲ್ಲಿತು.

ಊರಿಗೆ ಮರಳುವ ಮುಂಚೆ ಕಾರನ್ನು ನಿವೃತ್ತ ಶಿಕ್ಷಕರೊಬ್ಬರಿಗೆ ಮಾರಿದೆ. ತಿಂಗಳಾದ ಮೇಲೆ ಅವರ ಫೋನು ಬಂತು. ಎಡಗಡೆಯ ಹೆಡ್‌ಲೈಟಿನ ದೂರು ಎಂದುಕೊಂಡೆ. ಹಿಂಬದಿಯ ಕಾರ್ಪೆಟ್ ಕಿತ್ತರೆ ಕೆಳಗೆಲ್ಲ ಸಣ್ಣ ಬಿಳಿ ಕಾಳುಗಳಿವೆ, ಇದೇನು ಎಂದು ಕೇಳಿದರು.

"ಸೋನಾ ಮಸೂರಿ" ಎಂದೆ.