ಚುನಾವಣೆಗೆ ಮಾತ್ರ ಠಾಣೆ ಸೇರುವ ಬಂದೂಕು

2025ರ ಜುಲೈನಲ್ಲಿ ಗುರುಗ್ರಾಮದ ಯುವ ಟೆನಿಸ್ ಆಟಗಾರ್ತಿಯೊಬ್ಬಳು ತನ್ನ ಮನೆಯಲ್ಲೇ ಗುಂಡೇಟಿಗೆ ಬಲಿಯಾದಳು. ಹೊಡೆದವನು ತಂದೆಯೇ, ಅದೂ ಪರವಾನಗಿ ಇದ್ದ ರಿವಾಲ್ವರಿನಿಂದ ಎಂದು ಪೊಲೀಸರು ಹೇಳಿದರು. ಸುದ್ದಿ ಓದಿದ ನಮ್ಮ ಶ್ರೀನಿವಾಸಪುರದ ಕಡೆಯ ಬಂಧುವೊಬ್ಬರು, "ಅದೆಲ್ಲ ಉತ್ತರದವರ ಕಥೆ. ನಮ್ಮಲ್ಲಿ ಬಂದೂಕು ಇರುವುದು ಹಂದಿ ಓಡಿಸುವುದಕ್ಕೆ" ಎಂದರು. ಆ ಮಾತು ನನ್ನ ಗಂಟಲಲ್ಲಿ ಇಳಿಯಲಿಲ್ಲ.

ನಿಜ, ನಮ್ಮ ಕಡೆ ಗುಂಡಿಗೆ ಬಲಿಯಾಗುವ ಹೆಣ್ಣುಮಕ್ಕಳು ಕಡಿಮೆ. ಮಚ್ಚು, ಹಗ್ಗ, ಬೆಂಕಿಯ ಸುದ್ದಿಯೇ ಹೆಚ್ಚು. ಆದರೆ ಟ್ರಿಗರ್ ಎಳೆದರೆ ಮಾತ್ರ ಬಂದೂಕು ಕೆಲಸ ಮಾಡುತ್ತದೆ ಎಂದುಕೊಳ್ಳಬೇಡಿ.

ನಾನು ಹೈಸ್ಕೂಲಿನಲ್ಲಿದ್ದಾಗ ಪಕ್ಕದ ಮನೆಯ ಚಿಕ್ಕಪ್ಪನ ನಡುಮನೆಯ ಗೋಡೆಯಲ್ಲಿ ಒಂಟಿ ನಳಿಗೆಯ ಬಂದೂಕು ತೂಗುತ್ತಿತ್ತು. ಮಾವಿನ ತೋಟದ ಕೆಳಗಿನ ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗುತ್ತವೆಂದು ಪರವಾನಗಿ ಮಾಡಿಸಿದ್ದರು. ಚಿಕ್ಕಮ್ಮನ ಕಡೆಗೆ ಅದನ್ನು ಒಮ್ಮೆಯೂ ಗುರಿಯಿಟ್ಟವರಲ್ಲ. ಜಗಳ ಏರಿದಾಗ ಎದ್ದು, ಬಂದೂಕು ಇಳಿಸಿ, ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಬಟ್ಟೆಯಿಂದ ನಳಿಗೆ ಒರೆಸುತ್ತ ಕೂರುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ. ಒಳಗೆ ಮುದ್ದೆ ತೊಳಸುತ್ತಿದ್ದ ಚಿಕ್ಕಮ್ಮನ ಕೈಯ ಕೋಲು ಪಾತ್ರೆಯಲ್ಲೇ ನಿಂತುಬಿಡುತ್ತಿತ್ತು. ಠಾಣೆಗೆ ಹೋಗಿ ಏನೆಂದು ಬರೆಸಬೇಕಿತ್ತು ಆಕೆ? ಗಂಡ ಬಂದೂಕು ಒರೆಸಿದ ಎಂದೇ?

ಕಾನೂನಿಲ್ಲವೆಂದಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ನಿಯಮಗಳಡಿ, ನ್ಯಾಯಾಲಯ ಸೂಚಿಸಿದರೆ, ನೊಂದ ಮಹಿಳೆಗೆ ನೆರವಾಗಲು ಸರ್ಕಾರ ನೇಮಿಸಿದ ಸಂರಕ್ಷಣಾಧಿಕಾರಿ ಪೊಲೀಸರ ನೆರವಿನಿಂದ ದೌರ್ಜನ್ಯಕ್ಕೆ ಬಳಸಿದ ಆಯುಧವನ್ನು ವಶಕ್ಕೆ ಪಡೆಯಬಹುದು. ಸಾರ್ವಜನಿಕ ಶಾಂತಿ, ಸುರಕ್ಷತೆಗಾಗಿ ಪರವಾನಗಿಯನ್ನು ಅಮಾನತು ಅಥವಾ ರದ್ದು ಮಾಡುವ ಅಧಿಕಾರ 1959ರ ಆಯುಧ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿದೆ. ಆದರೆ ಅಡುಗೆಮನೆಯ ಭಯವನ್ನು ಸಾರ್ವಜನಿಕ ಸುರಕ್ಷತೆಯ ಲೆಕ್ಕಕ್ಕೆ ಹಿಡಿಯುವವರು ಯಾರು?

1989ರಲ್ಲಿ ಮಾಂಟ್ರಿಯಲ್‌ನ ಎಂಜಿನಿಯರಿಂಗ್ ಕಾಲೇಜಿಗೆ ನುಗ್ಗಿದವನೊಬ್ಬ 14 ಮಹಿಳೆಯರನ್ನು ಕೊಂದ ಮೇಲೆ ಕೆನಡಾ ಬಂದೂಕಿನ ಕಾನೂನು ಬಿಗಿ ಮಾಡಿತು. ಇಂದು ಅಲ್ಲಿ ಪರವಾನಗಿಯ ಅರ್ಜಿಯಲ್ಲೇ ಬಾಳಸಂಗಾತಿಯ ಸಹಿಗೆ ಜಾಗವಿದೆ. ಸಹಿ ಇಲ್ಲದಿದ್ದರೆ ಆಕೆಗೆ ವಿಷಯ ತಿಳಿಸಲಾಗುತ್ತದೆ. ನಮ್ಮಲ್ಲೂ ಪರವಾನಗಿಗೆ ಮೊದಲು ಪೊಲೀಸರು ವಿಚಾರಣೆ ನಡೆಸಿ ವರದಿ ಕೊಡುತ್ತಾರೆ. ಆ ದಿನ ಒಬ್ಬ ಮಹಿಳಾ ಪೇದೆ ಮನೆಯ ಹೆಂಗಸನ್ನು ಪಕ್ಕಕ್ಕೆ ಕರೆದು, "ನಿಮಗೆ ಭಯವಿದೆಯೇ?" ಎಂದು ಕೇಳಲಿ. ಇದಕ್ಕೆ ಖರ್ಚೇನೂ ಇಲ್ಲ.

ಚುನಾವಣೆ ಘೋಷಣೆಯಾದರೆ ಬಂದೂಕುಗಳನ್ನು ಠಾಣೆಗೆ ಒಪ್ಪಿಸಿ ರಶೀದಿ ಪಡೆಯುವಂತೆ ಜಿಲ್ಲಾಡಳಿತ ಆದೇಶಿಸುತ್ತದೆ. ಮತದಾರರನ್ನು ಯಾರೂ ಹೆದರಿಸಬಾರದೆಂಬ ಕಾಳಜಿ, ಒಳ್ಳೆಯದೇ. ಹೆಂಡತಿ ದೂರು ಕೊಟ್ಟ ದಿನವೂ, ನ್ಯಾಯಾಲಯಕ್ಕೆ ಕಾಯದೆ, ಅದೇ ರಶೀದಿ ಹರಿದುಕೊಟ್ಟು ಬಂದೂಕನ್ನು ಠಾಣೆಯಲ್ಲಿಡಬೇಕು.

ಅಂಥದ್ದೊಂದು ಚುನಾವಣೆಯ ವೇಳೆ ಚಿಕ್ಕಪ್ಪನ ಗೋಡೆ ಬರಿದಾಗಿತ್ತು. ಆ ದಿನಗಳಲ್ಲಿ ಚಿಕ್ಕಮ್ಮನ ದನಿ ನಮ್ಮ ಜಗಲಿಯವರೆಗೂ ಕೇಳಿಸುತ್ತಿತ್ತು. ಮಾವು ಮಾರಿದ ದುಡ್ಡಿನ ಲೆಕ್ಕ ಕೇಳಿದರು, ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಂದರು. ಮತ ಎಣಿಕೆ ಮುಗಿದ ವಾರ ಚಿಕ್ಕಪ್ಪ ರಶೀದಿ ತೋರಿಸಿ ಬಂದೂಕು ಬಿಡಿಸಿಕೊಂಡು ಬಂದು ಅದೇ ಮೊಳೆಗೆ ತೂಗುಹಾಕಿದರು. ಆ ಸಂಜೆ ಆ ಮನೆಯಿಂದ ಪಾತ್ರೆಯ ಸದ್ದಷ್ಟೇ ಕೇಳಿಸಿತು.