ಸೂರ್ಯ ಮುಳುಗಿದ ಮೇಲೂ ಬೆಂಗಳೂರು

ಕೋಲಾರದವರಿಗೆ ಸೂರ್ಯ ಬೆಂಗಳೂರಿನಲ್ಲೇ ಮುಳುಗುವುದು. ಬೇಕಾದರೆ ಭೂಪಟ ತೆಗೆದು ನೋಡಿ. ಬೆಂಗಳೂರು ನಮಗೆ ಪಶ್ಚಿಮಕ್ಕೆ, ಸ್ವಲ್ಪ ದಕ್ಷಿಣಕ್ಕೆ ವಾಲಿಕೊಂಡು, ಸುಮಾರು 70 ಕಿಲೋಮೀಟರ್ ಆಚೆ ಇದೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯನೂ ಹೆಚ್ಚುಕಮ್ಮಿ ಅದೇ ಮೂಲೆಗೆ ಇಳಿಯುತ್ತಾನೆ. ನಮ್ಮ ಕೆರೆ ಏರಿಯ ಮೇಲೆ ನಿಂತರೆ, ಅಂತರಗಂಗೆ ಬೆಟ್ಟದ ಎಡಕ್ಕೆ, ಕೆಂಪಗೆ ಜಾರಿಹೋಗುವುದು ಕಾಣುತ್ತದೆ. ನನ್ನ ತಕರಾರು ಶುರುವಾಗುವುದು ಆಮೇಲೆ. ಸೂರ್ಯ ಹೋಗುತ್ತಾನೆ, ಬೆಳಕು ಹೋಗುವುದಿಲ್ಲ.

ರಾತ್ರಿ ಆಕಾಶದ ಫೋಟೊ ಹಿಡಿಯುವ ಹುಚ್ಚಿನಲ್ಲಿ ಮುಕ್ಕಾಲು ಪಾಲು ಕಾಯುವುದೇ. ಸೂರ್ಯ ಕಣ್ಣಿಗೆ ಮರೆಯಾದರೆ ಸಾಲದು, ದಿಗಂತದಿಂದ 18 ಡಿಗ್ರಿ ಕೆಳಗಿಳಿಯಬೇಕು. ಆಗಲೇ ಪೂರ್ತಿ ಕತ್ತಲು. ನಮ್ಮ ಕಡೆ ಸೂರ್ಯ ನೆಟ್ಟಗೆ ಇಳಿಯುವುದರಿಂದ ಅದಕ್ಕೆ ಒಂದೂಕಾಲು ಗಂಟೆ ಸಾಕು. ಅಷ್ಟರಲ್ಲಿ ಟ್ರೈಪಾಡ್ ಕಾಲನ್ನು ಏರಿಯ ಮಣ್ಣಿಗೆ ಊರಬೇಕು, ಸೊಳ್ಳೆ ಹೊಡೆಯಬೇಕು. ಜೊತೆಗೆ ಹೋಗಿಬರುವವರಿಗೆಲ್ಲ ಉತ್ತರ ಕೊಡಬೇಕು. ಚಂದ್ರ ಇಲ್ಲದ ರಾತ್ರಿಯೇ ಬೇಕು ಅಲ್ವಾ, ಹಾಗಾಗಿ ನಾನು ಹೋಗುವುದು ಅಮಾವಾಸ್ಯೆ ಆಸುಪಾಸಿನಲ್ಲಿ. ಅಮಾವಾಸ್ಯೆ ದಿನ, ಕತ್ತಲಾದ ಮೇಲೆ, ಮುನೇಶ್ವರನ ಗುಡಿ ಪಕ್ಕ, ಒಬ್ಬನೇ ಮೂರು ಕಾಲಿನ ಸಾಮಾನು ನೆಟ್ಟುಕೊಂಡು ನಿಂತರೆ ಊರವರು ಏನಂದುಕೊಳ್ಳಬೇಕು? ನಿಧಿ ಹುಡುಕಲು ಬಂದವನು ಅಂತಲೇ. ನಕ್ಷತ್ರದ ಫೋಟೊ ಎಂದರೆ ನಂಬಿದಂತೆ ತಲೆ ಆಡಿಸುತ್ತಾರೆ.

ಕ್ಯಾಮೆರಾ ಲೆಕ್ಕ ಕಷ್ಟದ್ದೇನಲ್ಲ. 500 ಅನ್ನು ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿ, ಬಂದಷ್ಟು ಸೆಕೆಂಡ್ ತೆರೆದಿಡಿ. 24 ಮಿಲಿಮೀಟರ್ ಲೆನ್ಸಿಗೆ 20 ಸೆಕೆಂಡ್. ಅದಕ್ಕಿಂತ ಜಾಸ್ತಿ ಬಿಟ್ಟರೆ ಚುಕ್ಕಿಗಳು ಗೆರೆಯಾಗಿ ಎಳೆದುಕೊಳ್ಳುತ್ತವೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೇವೆ. ಅದನ್ನು ಕಣ್ಣಾರೆ ನೋಡಬೇಕೆಂದರೆ ಗೆರೆಯಾದ ಒಂದು ಫೋಟೊ ಸಾಕು.

ಬರಿಗಣ್ಣಿಗೆ ಕತ್ತಲಲ್ಲಿ ಬಣ್ಣ ಸರಿಯಾಗಿ ತಿಳಿಯುವುದಿಲ್ಲ. ಕ್ಯಾಮೆರಾಗೆ ತಿಳಿಯುತ್ತದೆ. ಮಹಾವ್ಯಾಧ (ಒರಾಯನ್) ಎಂಬ ನಕ್ಷತ್ರಪುಂಜದ ಹೆಗಲ ಮೇಲಿನ ಆರ್ದ್ರಾ ನಕ್ಷತ್ರ ಕೆಂಡದ ಬಣ್ಣಕ್ಕೆ ಬರುತ್ತದೆ, ಕೆಳಗಿನ ಲುಬ್ಧಕ ನೀಲಿ ಬಿಳುಪು. ನೀರಿನಲ್ಲಿ ಬಿದ್ದ ಚುಕ್ಕಿ ಸಿಕ್ಕಬೇಕಾದರೆ ಇನ್ನೊಂದು ಗುಟ್ಟಿದೆ. ನೆತ್ತಿಯ ಮೇಲಿನ ಬೆಳಕಿನಲ್ಲಿ ಕೆರೆ ನೂರಕ್ಕೆ ಎರಡು ಪಾಲು ಮಾತ್ರ ವಾಪಸ್ ಕೊಡುತ್ತದೆ. ಓರೆಯಾಗಿ ಬಿದ್ದರೆ ಧಾರಾಳ. ಆದ್ದರಿಂದ ಕೆಳಗೆ, ದಿಗಂತದ ಹತ್ತಿರ ಇರುವ ಚುಕ್ಕಿಯೇ ಬೇಕು. ಇದಕ್ಕೆ ನಮ್ಮ ಧ್ರುವ ನಕ್ಷತ್ರ ಹೇಳಿ ಮಾಡಿಸಿದ್ದು. ಕೋಲಾರದಲ್ಲಿ ಅದು ಬರೀ 13 ಡಿಗ್ರಿ ಎತ್ತರದಲ್ಲಿರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ, ಅದರ ಮೇಲೆ ಎರಡು ಬೆರಳಿಡಿ, ಅಲ್ಲಿರುತ್ತಾನೆ ಧ್ರುವ. ಕಥೆಯಲ್ಲಿ ಅಷ್ಟು ಎತ್ತರದ ಪದವಿ ಪಡೆದ ಹುಡುಗ ನಮ್ಮೂರಲ್ಲಿ ಬೇಲಿ ಮರೆಗೆ ಸಿಕ್ಕಿಬೀಳುತ್ತಾನೆ ಪಾಪ.

ಪಶ್ಚಿಮಕ್ಕೆ ತಿರುಗಿಸಿದರೆ ಮಾತ್ರ ಇದೆಲ್ಲ ನಡೆಯುವುದಿಲ್ಲ. ಬೆಟ್ಟದ ಪಕ್ಕದಿಂದ ಒಂದು ಮಂಕು ಬೆಳಕು ಎದ್ದು ನಿಂತಿರುತ್ತದೆ. ಎಂಟು ಗಂಟೆಗೂ ಇರುತ್ತದೆ, ಹತ್ತಕ್ಕೂ ಇರುತ್ತದೆ. ಮೋಡ ಇದ್ದ ದಿನ ಇನ್ನೂ ಜೋರು. ಅಷ್ಟು ದೂರದ ಊರಿನ ಬೀದಿದೀಪ, ಹೋಟೆಲ್ ಬೋರ್ಡು, ಟೆಕ್ ಪಾರ್ಕಿನ ಗಾಜು, ಎಲ್ಲ ಸೇರಿ ಆಕಾಶಕ್ಕೆ ಚೆಲ್ಲಿದ್ದು. ಮೊದಮೊದಲು ಕಂಪ್ಯೂಟರಿನಲ್ಲಿ ಕೂತು ಅದನ್ನು ಅಳಿಸುತ್ತಿದ್ದೆ. ಈಗ ಬಿಟ್ಟಿದ್ದೇನೆ, ಯಾಕೆಂದರೆ ಬೆಳಕು ಅಳಿಸಿದರೆ ನೀರನ್ನೂ ಅಳಿಸಬೇಕಾಗುತ್ತದೆ.

ಹೌದು, ಕೆರೆ ನೀರೂ ಅಲ್ಲಿಯದೇ. ಈ ಕೆರೆ ನಾವು ಕಂಡ ಹಾಗೆ ವರ್ಷಗಟ್ಟಲೆ ಒಣಗಿತ್ತು. ಒಳಗೆ ಸೀಮೆಜಾಲಿ, ಹುಡುಗರ ಕ್ರಿಕೆಟ್ಟು. ಸುತ್ತಲ ಹೊಲದಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಧೂಳು. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ, ಅಲ್ಲಿಂದ ಒಂದೊಂದೇ ಕೆರೆಗೆ ಕೆ.ಸಿ. ವ್ಯಾಲಿ ನೀರು ಬಂತು. ಕೆ.ಸಿ. ಅಂದರೆ ಕೋರಮಂಗಲ, ಚಲ್ಲಘಟ್ಟ. ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಎರಡು ಹಂತ ಶುದ್ಧ ಮಾಡಿ ಪೈಪಿನಲ್ಲಿ ನಮಗೆ ಕಳಿಸುವುದು. ಮೂರನೇ ಹಂತವೂ ಮಾಡಿ ಎಂದು ಜಿಲ್ಲೆಯವರು ಕೇಳುತ್ತಲೇ ಇದ್ದಾರೆ. ಕೇಳುವುದು ನ್ಯಾಯವೇ. ಅಷ್ಟಾದರೂ ಕೆರೆ ಕೋಡಿ ಹರಿದ ದಿನ ಹೂವು ಹಾಕಿ ಕೈ ಮುಗಿದವರಲ್ಲಿ ನಾನೂ ಒಬ್ಬ.

ಕೋರಮಂಗಲದಲ್ಲಿ ನನ್ನ ಚಿಕ್ಕಮ್ಮನ ಮಗಳ ಮನೆ. ಒಂದು ಫೋಟೊ ಕಳಿಸಿದ್ದಕ್ಕೆ ಆಗಲೇ ಫೋನ್ ಮಾಡಿದಳು. "ಎಷ್ಟು ಚೆನ್ನಾಗಿದೆ ಅಣ್ಣಾ! ನಮ್ಮ ಕಡೆ ಇಂಥ ನೀರು ಎಲ್ಲಿದೆ?"

"ನಿಮ್ಮನೆ ಬಚ್ಚಲಿಂದ ಬಂದಿದ್ದೇ ಕಣಮ್ಮಾ."

ನಕ್ಷತ್ರಗಳೂ ಅವಳ ನೆರೆಹೊರೆಯವರೇ, ಒಂದು ಲೆಕ್ಕದಲ್ಲಿ. ದೇಶದ ದೊಡ್ಡ ದೊಡ್ಡ ದೂರದರ್ಶಕಗಳನ್ನು ನಡೆಸುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಇರುವುದು ಕೋರಮಂಗಲದಲ್ಲೇ. ಆಕಾಶ ನೋಡಲು ಮಾತ್ರ ಅವರು ತಮಿಳುನಾಡಿನ ಕಾವಲೂರಿಗೆ ಹೋದರು, ಆಮೇಲೆ ಲಡಾಖಿನ ಹಾನ್ಲೆಗೆ. ಹಾನ್ಲೆ ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರ. ಅಲ್ಲಿರುವ 2 ಮೀಟರ್ ಕನ್ನಡಿಯ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಎಲ್ಲಿಂದ ಗೊತ್ತೇ? ಹೊಸಕೋಟೆಯಿಂದ. ಕೋಲಾರದ ಬಸ್ಸು ದಿನಾ ದಾಟಿ ಬರುವ ಹೊಸಕೋಟೆ! ಬಿರಿಯಾನಿಗೆ ಬೆಳಗಿನ ಜಾವ ಜನ ಕ್ಯೂ ನಿಲ್ಲುವ ಊರಿನಲ್ಲಿ ಕೂತು ಯಾರೋ ಲಡಾಖಿನ ಆಕಾಶ ನೋಡುತ್ತಿರುತ್ತಾರೆ. ಆಚೆ ಬಂದು ತಲೆ ಎತ್ತಿದರೆ ಅವರಿಗೆ ಕಾಣುವುದು ನನ್ನ ಫೋಟೊದ ಆ ಮಂಕು ಬೆಳಕೇ.

ವಿಮಾನಗಳ ಕಾಟ ಬೇರೆ. ದೇವನಹಳ್ಳಿಗೆ ಇಳಿಯುವವು ಒಂದೊಂದು ಫೋಟೊದಲ್ಲೂ ಚುಕ್ಕೆ ಚುಕ್ಕೆ ಗೆರೆ ಎಳೆದು ಹೋಗುತ್ತವೆ. ಉಪಗ್ರಹಗಳ ಗೆರೆ ಒಂದೇ ಸಮ ಇರುತ್ತದೆ. ನಮಗೆ ಕತ್ತಲಾದರೂ ಮೇಲೆ ಅವಕ್ಕೆ ಇನ್ನೂ ಬಿಸಿಲು, ಹಾಗಾಗಿ ಸಂಜೆ ಮೊದಲ ಒಂದೆರಡು ಗಂಟೆ ಅವುಗಳದೇ ಓಡಾಟ. ಮೊನ್ನೆ ಇಬ್ಬನಿ ಜಾಸ್ತಿಯಾಗಿ ಲೆನ್ಸಿಗೆ ಕರವಸ್ತ್ರ ಸುತ್ತಿಕೊಂಡು ನಿಂತಿದ್ದೆ. ಪಕ್ಕದ ಟೊಮೆಟೊ ತೋಟದ ಯಜಮಾನರು ಬೀಡಿ ಹಚ್ಚಿಕೊಂಡು ಬಂದರು.

"ಏನು ಸಿಕ್ತಪ್ಪಾ?"

ತೋರಿಸಿದೆ. ಮೇಲೆ ಮೂರು ಚುಕ್ಕಿ, ಕೆಳಗೆ ನೀರಿನಲ್ಲಿ ಅವೇ ಮೂರು, ಉದ್ದಕ್ಕೆ ಇಳಿದು. ನನಗೇ ಹೆಮ್ಮೆ ಅನಿಸಿದ ಫೋಟೊ. ಅವರು ಫೋನನ್ನು ಮೂಗಿನ ಹತ್ತಿರ ಹಿಡಿದು ಸುಮಾರು ಹೊತ್ತು ನೋಡಿದರು. ಆಮೇಲೆ ಮೂಲೆಯ ಒಂದು ಹಳದಿ ಬೊಟ್ಟಿನ ಮೇಲೆ ಬೆರಳಿಟ್ಟರು.

"ಥೂ, ನಮ್ಮ ಮೋಟರು ಮನೆ ಬಲ್ಬು ನೋಡು. ಬೆಳಿಗ್ಗೆಯಿಂದ ಉರೀತಾ ಐತೆ. ಆ ಹುಡುಗನಿಗೆ ಎಷ್ಟು ಸಲ ಹೇಳೋದು!"

ಫೋನು ನನ್ನ ಕೈಗೆ ತುರುಕಿ, ಬೈಯುತ್ತಾ ಏರಿ ಇಳಿದು ಹೋದರು. ಎರಡು ನಿಮಿಷಕ್ಕೆ ಬಲ್ಬು ಆರಿತು. ಮುಂದಿನ ಫೋಟೊ ಇನ್ನೂ ಚೆನ್ನಾಗಿ ಬಂತು.