ಸತ್ತವರನ್ನು ದಾಟಿಸುವ ಆಟ, ಒಲೆ ಮೇಲಿನ ಅಡುಗೆ

‘ಸ್ಪಿರಿಟ್‌ಫೇರರ್’ ಎಂಬ ವಿಡಿಯೊ ಆಟದ ಮಾತು ಬಂದರೆ ಎಲ್ಲರೂ ಒಂದೇ ದೃಶ್ಯ ಹೇಳುತ್ತಾರೆ. ಕೆಂಪು ನೀರು, ಕಲ್ಲಿನ ಕಮಾನು, ಸಣ್ಣ ದೋಣಿ, ಅಪ್ಪುಗೆ, ಅಳು. ನನ್ನನ್ನು ಕೇಳಿದರೆ ಆ ಆಟದ ಜೀವ ಇರುವುದು ಅದರ ಅಡುಗೆಮನೆಯಲ್ಲಿ.

ಆಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಕೆನಡಾದ ಥಂಡರ್ ಲೋಟಸ್ ಕಂಪನಿ 2020ರಲ್ಲಿ ತಂದ ಆಟ ಇದು. ಗ್ರೀಕ್ ಪುರಾಣದಲ್ಲಿ ಸತ್ತವರನ್ನು ಹೊಳೆ ದಾಟಿಸುವ ಕ್ಯಾರನ್ ಇದ್ದಾನಲ್ಲ, ಅವನು ಕೆಲಸ ಬಿಡುತ್ತಾನೆ. ಅದು ಸ್ಟೆಲ್ಲಾ ಎಂಬ ಹುಡುಗಿಯ ತಲೆಗೆ ಬರುತ್ತದೆ. (ಅವಳು ಯಾರು ಅಂತ ಹೇಳಲ್ಲ, ಆಡಿಯೇ ತಿಳಿಯಿರಿ.) ಅವಳ ಹಡಗು ಹತ್ತಿದ ಸತ್ತವರಿಗೆ ಮನೆ ಕಟ್ಟಬೇಕು, ತರಕಾರಿ ಬೆಳೆಯಬೇಕು, ಮರ ಕೊಯ್ಯಬೇಕು, ಬಟ್ಟೆ ನೇಯಬೇಕು, ಹೊತ್ತಿಗೆ ಸರಿಯಾಗಿ ಊಟ ಹಾಕಬೇಕು. ಈಗ ತಿಂದದ್ದನ್ನೇ ಮತ್ತೆ ಕೊಟ್ಟರೆ ಬೇಡ ಅನ್ನುತ್ತಾರೆ. ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆಯ ಗಂಜಿಯನ್ನೇ ಸಂಜೆ ಕೊಟ್ಟರೆ ಬೈಗುಳ ಗ್ಯಾರಂಟಿ.

ಆಲಿಸ್ ಅಂತ ಒಬ್ಬರು ಅಜ್ಜಿ ಬರುತ್ತಾರೆ, ಮುಳ್ಳುಹಂದಿಯ ರೂಪದಲ್ಲಿ. ಮೊದಮೊದಲು ಭಾರೀ ಚುರುಕು. ಬರಬರುತ್ತಾ ಮೆಟ್ಟಿಲು ಹತ್ತಲಾಗದೆ ಮನೆಯನ್ನು ಕೆಳಗೆ ಮಾಡಿಕೊಡು ಅನ್ನುತ್ತಾರೆ. ಆಮೇಲೆ ಸ್ಟೆಲ್ಲಾಳನ್ನೇ ಮಗಳು ಆನಿ ಅಂದುಕೊಳ್ಳುತ್ತಾರೆ. ಕೈ ಹಿಡಿದು ನಿಧಾನಕ್ಕೆ ನಡೆಸಿಕೊಂಡು ಹೋಗಬೇಕು. ಆಟದಲ್ಲಿ ಅಷ್ಟು ನಿಧಾನ ಅಂದರೆ ಬೇಜಾರಾಗುತ್ತದೆ ಅಂತ ಕೆಲವರು ಗೊಣಗುತ್ತಾರೆ. ಆಗಲಿ ಬಿಡಿ, ಅದು ಇರುವುದೇ ಹಾಗೆ.

ನನ್ನ ತಕರಾರು ಆ ಕಲ್ಲಿನ ಕಮಾನಿನ ಬಗ್ಗೆ. ಸತ್ತವರನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ ಕೊನೆಗೆ ಬೀಳ್ಕೊಡುವ ಬಾಗಿಲು ಅದೇ. ಅಲ್ಲಿ ಹೆಚ್ಚಿನವರು ಬದುಕಿನ ಲೆಕ್ಕವನ್ನೆಲ್ಲ ಚಂದ ಮಾಡಿ ಮಾತಾಡಿಯೇ ಹೋಗುತ್ತಾರೆ. ಹಾಗೆ ಮಾತಾಡಿ ಹೋದವರನ್ನು ನಾನಂತೂ ಕಂಡಿಲ್ಲ. ತೀರ್ಥಹಳ್ಳಿ ಹತ್ತಿರದ ನಮ್ಮನೆಯಲ್ಲಿ ಅಜ್ಜ ಕೊನೆಕೊನೆಗೆ ಕೇಳುತ್ತಿದ್ದದ್ದು ಒಂದೇ: ‘ಅಂಗಳದ ಅಡಿಕೆ ತೆಗೆದ್ರಾ? ಮೋಡ ಆಗಿದೆ ನೋಡಿ.’ ಮೋಡವೂ ಇರಲಿಲ್ಲ, ಅಂಗಳದಲ್ಲಿ ಅಡಿಕೆಯೂ ಇರಲಿಲ್ಲ. ಒಣಗಿಸಿ ಚೀಲ ತುಂಬಿ ಎಷ್ಟೋ ದಿನ ಆಗಿತ್ತು. ಅತ್ತೆ ಪ್ರತಿ ಸಲವೂ ‘ಹ್ಞೂ ಅಪ್ಪಯ್ಯ, ತೆಗೆದು ಒಳಗಿಟ್ಟಾಯ್ತು’ ಅನ್ನುತ್ತಿದ್ದರು. ಅಜ್ಜ ಸಮಾಧಾನವಾಗಿ ಮಗ್ಗುಲು ತಿರುಗುತ್ತಿದ್ದರು. ಒಂದು ದಿನ ಅತ್ತೆ ಕಾಫಿ ಬಿಸಿ ಮಾಡಿ ತರುವಷ್ಟರಲ್ಲಿ ಇರಲಿಲ್ಲ.

ಅದಕ್ಕೇ ನನಗೆ ಅತುಲ್ ಹೆಚ್ಚು ನಿಜ ಅನ್ನಿಸಿದ್ದು. ಹೆಸರು ನಮ್ಮ ದೇಶದ್ದು, ರೂಪ ಕಪ್ಪೆಯದು, ಸ್ಟೆಲ್ಲಾಳ ಚಿಕ್ಕಪ್ಪನೋ ಮಾವನೋ ಆಗಬೇಕು. ಹಡಗಿನ ರಿಪೇರಿ ಕೆಲಸಕ್ಕೆ ಮುಂದೆ, ಊಟಕ್ಕೆ ಇನ್ನೂ ಮುಂದೆ. ಎಲ್ಲರನ್ನೂ ಕೂರಿಸಿ ಒಂದು ದೊಡ್ಡ ಊಟ ಮಾಡಿಸಿಕೊಳ್ಳುತ್ತಾನೆ. ಆಮೇಲೆ ನೋಡಿದರೆ ಇಲ್ಲ. ಬಾಗಿಲೂ ಇಲ್ಲ, ಅಪ್ಪುಗೆಯೂ ಇಲ್ಲ. ಮನೆಯೊಳಗೆ ಒಂದು ಹೂವು, ಅಷ್ಟೇ.

ಹೋದವರ ಮನೆಯನ್ನು ಕೆಡವಲು ಆಟ ಬಿಡುವುದಿಲ್ಲ. ಆ ಕಡೆ ಈ ಕಡೆ ಸರಿಸಬಹುದು, ತೆಗೆಯುವ ಹಾಗಿಲ್ಲ. ಅಷ್ಟರಲ್ಲಿ ಒಲೆ ಮೇಲಿಟ್ಟದ್ದು ಸೀದುಹೋಗುತ್ತಿರುತ್ತದೆ, ಇನ್ನೊಬ್ಬರಿಗೆ ಹಸಿವು. ಕೊನೆಕೊನೆಗೆ ಸಾಮಾನು ಹುಡುಕುವ ಓಡಾಟ ಜಾಸ್ತಿಯಾಗಿ ಆಟ ಎಳೆಯುತ್ತದೆ, ಅದನ್ನು ಒಪ್ಪುತ್ತೇನೆ.

ಇಬ್ಬರು ಸೇರಿಯೂ ಆಡಬಹುದು. ಎರಡನೆಯವರಿಗೆ ಡ್ಯಾಫೊಡಿಲ್ ಎಂಬ ಬೆಕ್ಕಿನ ಪಾತ್ರ. ನಮ್ಮಲ್ಲಿ ಅತ್ತೆಯ ಮಗಳು ಬೆಕ್ಕಾಗಿದ್ದಳು. ಅತುಲ್ ಕಾಣದಾದಾಗ ಇಡೀ ಹಡಗು ಹುಡುಕಿ, ಆಟ ಮಾಡಿದವರಿಗೆ ಬಾಯಿಗೆ ಬಂದ ಹಾಗೆ ಬೈದಳು.